ಕಾಡಿನೊಳಗೆ ಜನ ಇದ್ದರೆ ಕಾಡು ಉಳಿಯುತ್ತಾ?

ಪ್ರಶ್ನೆ: ಹೋದ ತಿಂಗಳು ಮನೆಯವರೆಲ್ಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಹುಲಿ ಇರುವ ಕಾಡಿನೊಳಗೇ ಸೋಲಿಗ ಆದಿವಾಸಿಗಳ ಪೋಡುಗಳಿವೆ, ಅಂದರೆ ಹಾಡಿಗಳು. ಜೇನು, ನೆಲ್ಲಿಕಾಯಿ ಕೀಳುತ್ತಾರಂತೆ. ಅವರಿಗೆ ಹೊರಗೆ ಒಳ್ಳೆ ಮನೆ ಕಟ್ಟಿಕೊಟ್ಟು, ಕಾಡನ್ನು ಪ್ರಾಣಿಗಳಿಗೇ ಬಿಟ್ಟರೆ ಒಳ್ಳೆಯದಲ್ವಾ? ಬೆಂಗಳೂರಿನಲ್ಲಿ ಕೂತ ನಾವು ಏನು ಮಾಡಬಹುದು?
– ಓದುಗರೊಬ್ಬರು, ಜಯನಗರ

ಉತ್ತರ: ಕಾಡು ಉಳಿಯಲಿ ಅನ್ನುವ ನಿಮ್ಮ ಆಸೆ ನನ್ನದೂ ಹೌದು. ಆದರೆ ಅವರನ್ನು ಹೊರಗೆ ಕಳಿಸುವ ಮಾತು ಬೇಡ.

ದಾರಿಯ ಎರಡೂ ಕಡೆ ಲಂಟಾನ ಪೊದೆ ನೋಡಿರುತ್ತೀರಿ. ಹೂವು ಚಂದ, ಆದರೆ ಅದು ಹಬ್ಬಿದ ಕಡೆ ಹುಲ್ಲು ಬರುವುದಿಲ್ಲ, ಮರದ ಸಸಿ ಮೇಲೇಳುವುದಿಲ್ಲ, ಜಿಂಕೆಗೆ ಮೇವಿಲ್ಲ. ಸೋಲಿಗರು ಮೊದಲು 'ತರಗು ಬೆಂಕಿ' ಹಾಕುತ್ತಿದ್ದರು. ಬೇಸಿಗೆ ಜೋರಾಗುವ ಮುಂಚೆ ನೆಲದ ತರಗೆಲೆ ಮಾತ್ರ ಸುಡುವ ಸಣ್ಣ ಬೆಂಕಿ ಅದು. ಲಂಟಾನದ ಎಳೆ ಗಿಡ ಅದರಲ್ಲೇ ಹೋಗುತ್ತಿತ್ತು, ನೆಲ್ಲಿಮರದ ಕೊಂಬೆಗೆ ಅಂಟಿ ರಸ ಹೀರುವ ಬಂದಳಿಕೆ ಗಿಡವೂ ಹತೋಟಿಯಲ್ಲಿರುತ್ತಿತ್ತು ಅನ್ನುತ್ತಾರೆ ಅವರು. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು, ಲಂಟಾನ ಹಬ್ಬಿತು. ಈಗ ಆಕಸ್ಮಿಕವಾಗಿ ಬೆಂಕಿ ಬಿದ್ದರೆ ಒಣಗಿದ ಪೊದೆ ಹಿಡಿದು ಮರದ ನೆತ್ತಿಗೇ ಹತ್ತುತ್ತದೆ. ನಮ್ಮ ಬೆಂಗಳೂರಿನ ಪರಿಸರ ಅಧ್ಯಯನ ಸಂಸ್ಥೆ ಏಟ್ರೀಯ ಸಂಶೋಧಕರು ಸೋಲಿಗರ ಜೊತೆ ವರ್ಷಗಟ್ಟಲೆ ಓಡಾಡಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಈ ತಿಳಿವಳಿಕೆ ಇರುವವರನ್ನೇ ಕಾಡಿನಿಂದ ಎಬ್ಬಿಸಿದರೆ, ಬಂದಳಿಕೆ ಹತ್ತಿದ ಕೊಂಬೆ ಕಡಿಯುವವರು ಯಾರು?

ಕಾನೂನೂ ಅವರ ಕಡೆಗಿದೆ. 2011ರ ಜನವರಿಯಲ್ಲಿ ಈ ಕಾಡು ಹುಲಿ ಮೀಸಲು ಪ್ರದೇಶ ಆಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ, ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಹೀಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಅದು ಬರೀ ಜೇನು ಕೀಳುವ ಹಕ್ಕಲ್ಲ, ಕಾಡು ಕಾಯುವ ಹಕ್ಕೂ ಹೌದು. ಈ ಎರಡನೆಯದು ಸುಮಾರು ಜನಕ್ಕೆ ಗೊತ್ತೇ ಇಲ್ಲ, ನನಗೆ ಬೇಜಾರಾಗುವುದು ಅದಕ್ಕೇ.

ಇನ್ನು ನಾವು ಮಾಡುವುದು. 2024ರಲ್ಲಿ ನಿಮ್ಮ ಪಕ್ಕದ ಲಾಲ್‌ಬಾಗಿನಲ್ಲಿ ಲಂಟಾನ ಕಡ್ಡಿಯ ಆನೆಗಳನ್ನು ನಿಲ್ಲಿಸಿದ್ದರು, ನೋಡಿದ್ರಾ? ಹೆಣೆದವರಲ್ಲಿ ಸೋಲಿಗರೂ ಇದ್ದರು. ಲಂಟಾನದ ಕುರ್ಚಿ, ಬುಟ್ಟಿ ಸಿಕ್ಕರೆ ತೆಗೆದುಕೊಳ್ಳಿ, ಕಡಿದಷ್ಟೂ ಕಾಡಿಗೆ ಲಾಭ. ಮತ್ತೆ ಬೆಟ್ಟಕ್ಕೆ ಹೋದಾಗ ಜೇನನ್ನು ಸೋಲಿಗರದೇ ಲ್ಯಾಂಪ್ಸ್ ಸಹಕಾರ ಸಂಘದಲ್ಲಿ ಕೊಳ್ಳಿ. ಸುಮ್ನೆ ಚೌಕಾಸಿ ಮಾಡಬೇಡಿ.