ದೋಸೆ ಬಿಡಿ, ಚಟ್ನಿ ನೋಡಿ

ಮಳೆನೀರು ಊರಿಗೆ ನುಗ್ಗಿದ ಮಾರನೇ ವಾರ ಬರುವ ಪ್ರಶ್ನೆಗಳು ಪ್ರತಿ ಸಲ ಅವೇ. ನನ್ನ ಉತ್ತರವೂ ಅದೇ. ಕೇಳಿಸಿಕೊಳ್ಳುವವರು ಕಡಿಮೆ, ಹಾಗಾಗಿ ಇನ್ನೊಮ್ಮೆ.

ಪ್ರಶ್ನೆ: ಮುಳಬಾಗಿಲು ಕಡೆ ನಮ್ಮದು ಚಿಕ್ಕ ದೋಸೆ ಹೋಟೆಲ್. ಭಾನುವಾರ ಬೆಂಗಳೂರಿನವರೇ ಜಾಸ್ತಿ. ಅಡುಗೆಮನೆಗೆ ಮೊಳಕಾಲುದ್ದ ನೀರು ಬಂದಿತ್ತು. ತೊಳೆದು ಅರಿಶಿನದ ನೀರು ಚಿಮುಕಿಸಿದ್ದೇವೆ. ಈ ಭಾನುವಾರ ತೆರೆಯಬಹುದಾ? ಗಿರಾಕಿ ವಾಪಸ್ ಬರ್ತಾರಾ?

ಅರಿಶಿನದ ನೀರು ಪೂಜೆಗಿರಲಿ. ಚರಂಡಿ ನೀರು ಹೊಕ್ಕ ಅಡುಗೆಮನೆಗೆ ಅದು ಸಾಲದು.

ನನಗೆ ದೋಸೆಯ ಭಯವಿಲ್ಲ, ಕಾದ ಕಾವಲಿ ತನ್ನ ಕೆಲಸ ಮಾಡುತ್ತದೆ. ಭಯ ಚಟ್ನಿದು. ಹಸಿ ಕಾಯಿ, ಹಸಿ ನೀರು. ಕಾದಿರುವುದು ಒಗ್ಗರಣೆ ಮಾತ್ರ, ಚಟ್ನಿ ಅಲ್ಲ. ಹನ್ನೊಂದು ಗಂಟೆಗೆ ಬಕೆಟ್ ತಳ ಕಾಣತೊಡಗಿದರೆ ಮೇಲೊಂದು ಚೊಂಬು ನೀರು ಬೀಳುತ್ತದೆ, ಅಲ್ವಾ? ಆ ಚೊಂಬು ಬರುವುದು ನಿಮ್ಮ ಸಂಪಿನಿಂದ.

ಮೊದಲು ಸಂಪು ಪೂರ್ತಿ ಖಾಲಿ ಮಾಡಿ, ತಳದ ಕೆಸರು ಉಜ್ಜಿ ತೆಗೆಯಿರಿ. ಕೆಸರು ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚು. ತಿಳಿನೀರು ತುಂಬಿದ ಮೇಲೆ 1000 ಲೀಟರ್‌ಗೆ 2.5 ಗ್ರಾಂ ಲೆಕ್ಕದಲ್ಲಿ ಹಾಕಿ ಒಂದು ಗಂಟೆ ಬಿಡಿ. ಪೌಡರ್ ಹೊಸದಾಗಿರಲಿ. ವರ್ಷದಿಂದ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ವಾಸನೆಯೂ ಉಳಿದಿರುವುದಿಲ್ಲ. ಆಮೇಲೆ ನೀರು ಪರೀಕ್ಷೆ ಮಾಡಿಸಿ. ವರದಿ ಬರುವ ತನಕ ಬಾಗಿಲು ತೆಗೆಯಬೇಡಿ, ಭಾನುವಾರ ಹೋದರೆ ಹೋಗಲಿ.

'ಕೆಳಗಿನ ಅಕ್ಕಿ ಮೂಟೆ ಸ್ವಲ್ಪವೇ ನೆಂದಿದೆ, ಒಣಗಿಸ್ತೀವಿ' ಅನ್ನುವವರಿಗೆ ನನ್ನಲ್ಲಿ ತಾಳ್ಮೆ ಇಲ್ಲ. ಬೂಸ್ಟು ಬಿಟ್ಟ ವಿಷ ಬೇಯಿಸಿದರೂ ಹೋಗಲ್ಲ. ಬಿಸಾಡಿ. ಮರದ ಸೌಟು, ತರಕಾರಿ ಹೆಚ್ಚುವ ಮರದ ಹಲಗೆಯನ್ನೂ.

ಇನ್ನು ಗಿರಾಕಿ. 2021ರ ಆಗಸ್ಟ್‌ನಲ್ಲಿ ನಂದಿ ಬೆಟ್ಟದ ದಾರಿ ಕುಸಿದು, ಬೆಟ್ಟ ತೆರೆದದ್ದು ಡಿಸೆಂಬರ್‌ನಲ್ಲಿ. ದಾರಿ ಸರಿಯಾಯಿತು, ಜನ ಬಂದರು. ಯಾಕೆಂದರೆ ಬೆಟ್ಟದ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಹೋಟೆಲ್ ಕಥೆ ಬೇರೆ. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಸಾಕು, ಸಂಜೆಯೊಳಗೆ ಮೊಬೈಲ್ ಮೊಬೈಲ್‌ಗೂ ವಿಡಿಯೊ. ಪರೀಕ್ಷೆಯ ವರದಿಯನ್ನು ಗಲ್ಲಾ ಪಕ್ಕ ಅಂಟಿಸಿ. ಮೊದಲ ವಾರ ದೋಸೆ, ಪಲ್ಯ, ಕಾಫಿ ಇಷ್ಟೇ ಸಾಕು. ಚಟ್ನಿ ಬೇಕೇ ಬೇಕು ಅಂದರೆ ಕುದಿಸಿ ಆರಿಸಿದ ನೀರಲ್ಲಿ, ಸ್ವಲ್ಪ ಸ್ವಲ್ಪವೇ ರುಬ್ಬಿ. ನಾನಂತೂ ನೀರು ನುಗ್ಗಿದ ಊರಲ್ಲಿ ಎರಡು ವಾರ ಹಸಿ ಚಟ್ನಿ ಮುಟ್ಟಲ್ಲ. ಅತಿ ಅನ್ನಿಸಬಹುದು. ಅನ್ನಿಸಲಿ.

ಪ್ರಶ್ನೆ: ಮಳೆ ನಿಂತ ಮೇಲೆ ಕ್ಯಾತಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೊರಟಿದ್ದೇವೆ. ಬಾಟಲಿ ನೀರು ಒಯ್ದರೆ ಸಾಕಾ?

ಚಟ್ನಿಯನ್ನೂ ನಿಮ್ಮ ಬಾಟಲಿ ನೀರಲ್ಲೇ ರುಬ್ಬುತ್ತಾರಾ? ಮೇಲಿನ ಉತ್ತರ ಓದಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಆಲಿಕಲ್ಲು ಬಿದ್ದ ದ್ರಾಕ್ಷಿ ಅಗ್ಗ. ಅದು ವಿಷ ಅಂತಾರೆ?

ಸುಮ್ನೆ ಮಾತು. ಒಡೆದದ್ದು, ಬೂಸ್ಟು ಬಂದದ್ದು ಬಿಟ್ಟು ಉಳಿದದ್ದು ತೊಳೆದು ತಿನ್ನಿ.

ಪ್ರಶ್ನೆ: ಟ್ಯಾಂಕಿಗೆ ಹಾಕಲು ಒಬ್ಬರು ಗಿಡಮೂಲಿಕೆ ಪುಡಿ ಕೊಡುತ್ತಾರೆ. ಎಲ್ಲ ರೋಗಾಣು ಹೋಗುತ್ತದಂತೆ. ತೆಗೆದುಕೊಳ್ಳಲಾ?

ಆ ನೀರನ್ನು ಮೊದಲು ಅವರಿಗೇ ಒಂದು ಲೋಟ ಕುಡಿಸಿ ನೋಡಿ.