ಎಲ್‌ಇಡಿ ಸ್ಟ್ರಿಪ್ ಕೊನೆಯಲ್ಲಿ ಮಂಕಾಗುವುದೇಕೆ?

ಪ್ರ: ಹಾಲ್‌ನ ಫಾಲ್ಸ್ ಸೀಲಿಂಗ್ ಒಳಗೆ 12 ವೋಲ್ಟ್‌ನ ಎಲ್‌ಇಡಿ ಸ್ಟ್ರಿಪ್ ಹಾಕಿಸಿದ್ದೇವೆ. 5 ಮೀಟರ್‌ನ ಎರಡು ರೋಲ್‌ಗಳನ್ನು ಉದ್ದಕ್ಕೆ ಜೋಡಿಸಿ, ಒಂದೇ ತುದಿಯಿಂದ 5 ಆಂಪಿಯರ್ ಎಸ್‌ಎಂಪಿಎಸ್‌ಗೆ (ಮನೆಯ ಕರೆಂಟನ್ನು 12 ವೋಲ್ಟ್ ಡಿಸಿಗೆ ಇಳಿಸುವ ಪೆಟ್ಟಿಗೆ) ಕೊಟ್ಟಿದ್ದಾರೆ. ಶುರುವಿನಲ್ಲಿ ಚೆನ್ನಾಗಿ ಉರಿಯುತ್ತದೆ, ಕೊನೆಗೆ ಹೋದಂತೆ ಮಂಕು. ಒಮ್ಮೊಮ್ಮೆ ಪೂರ್ತಿ ಆರಿ ಮತ್ತೆ ಹತ್ತುತ್ತದೆ. ರೋಲ್ ಮೇಲೆ ಮೀಟರ್‌ಗೆ 9.6 ವ್ಯಾಟ್ ಎಂದಿದೆ. ಸ್ಟ್ರಿಪ್ ಕಳಪೆಯೇ?
— ಓದುಗರು, ತುಮಕೂರು

ಉ: ಸ್ಟ್ರಿಪ್ ಬದಲಿಸಲು ಹೋಗಬೇಡಿ, ತಪ್ಪಿರುವುದು ಜೋಡಣೆಯಲ್ಲಿ. 10 ಮೀಟರ್‌ಗೆ 96 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 8 ಆಂಪಿಯರ್ ಬೇಕು. ನಿಮ್ಮ ಎಸ್‌ಎಂಪಿಎಸ್ ಕೊಡುವುದು 60 ವ್ಯಾಟ್ ಮಾತ್ರ. ಲೋಡ್ ಮೀರಿದಾಗ ಅದು ತಾನಾಗಿ ಕಟ್ ಆಗಿ ಮತ್ತೆ ಶುರುವಾಗುತ್ತದೆ; ಆರಿ ಹತ್ತುವುದಕ್ಕೆ ಅದೇ ಕಾರಣವಿರಬೇಕು. ಯಾವಾಗಲೂ ಐದನೇ ಒಂದು ಪಾಲಾದರೂ ಬಿಡುವಿರಲಿ: 12 ವೋಲ್ಟ್, 10 ಆಂಪಿಯರ್‌ನದು ತನ್ನಿ.

ಮಂಕಾಗುವುದು ಬೇರೆ ಸಮಸ್ಯೆ, ದೊಡ್ಡ ಎಸ್‌ಎಂಪಿಎಸ್ ಹಾಕಿದರೂ ಹೋಗದು. ಸ್ಟ್ರಿಪ್‌ನೊಳಗಿನ ತಾಮ್ರದ ಪಟ್ಟಿ ಬಹಳ ತೆಳು. ಎರಡೂ ರೋಲ್‌ಗಳ ಕರೆಂಟ್ ಮೊದಲ ರೋಲ್‌ನ ಶುರುವಿನಿಂದಲೇ ಹಾಯಬೇಕಾಗಿರುವುದರಿಂದ ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತದೆ, ಆ ಭಾಗ ಬಿಸಿಯೂ ಆಗುತ್ತದೆ. ಮಲ್ಟಿಮೀಟರ್‌ನ ಡಿಸಿಯಲ್ಲಿ ಎರಡೂ ತುದಿ ಅಳೆದರೆ ಗೊತ್ತಾಗುತ್ತದೆ. ರೋಲ್‌ಗಳ ನಡುವಿನ ಜಾಯಿಂಟ್ ಬಿಚ್ಚಿಸಿ, ಅಲ್ಲಿಂದ ಎರಡೂ ಕಡೆಗೆ ಬೇರೆ ಬೇರೆ ವೈರ್ ಕೊಡಿಸಿ. ಎಸ್‌ಎಂಪಿಎಸ್ ಅಲ್ಲಿಗೇ ಬಂದರೆ ಉತ್ತಮ. ಆಗದಿದ್ದರೆ ಅಲ್ಲಿಯವರೆಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ. 5 ಮೀಟರ್ ದೂರಕ್ಕೆ 8 ಆಂಪಿಯರ್ ಹರಿದರೆ 1 ಸ್ಕ್ವೇರ್ ವೈರ್‌ನಲ್ಲಿ ಸುಮಾರು ಒಂದೂವರೆ ವೋಲ್ಟ್ ನಷ್ಟವಾಗುತ್ತದೆ, 2.5 ಸ್ಕ್ವೇರ್‌ನದರಲ್ಲಿ 0.6 ವೋಲ್ಟ್ ಅಷ್ಟೆ.

ಎಸ್‌ಎಂಪಿಎಸ್ ಅನ್ನು ಪಿಒಪಿಯೊಳಗೆ ಮುಚ್ಚಿಬಿಡಬೇಡಿ. ಗಾಳಿ ಆಡಬೇಕು, ಕೈ ಹೋಗುವ ಕಿಂಡಿಯೂ ಬೇಕು. 230 ವೋಲ್ಟ್ ಕಡೆಯ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ, ಎಂಸಿಬಿ ಆಫ್ ಮಾಡಿ, ಅರ್ತ್ ಸಮೇತ ಮಾಡಿಸಿ.

ಇನ್ನೂ ಕೊಳ್ಳದವರಿಗೆ: ಇಷ್ಟು ಉದ್ದಕ್ಕೆ 24 ವೋಲ್ಟ್‌ನ ಸ್ಟ್ರಿಪ್ಪೇ ಮೇಲು. ಅಷ್ಟೇ ವ್ಯಾಟ್‌ಗೆ ಕರೆಂಟ್ ಅರ್ಧ.

ಪ್ರ: ಅಡುಗೆಮನೆ ಕ್ಯಾಬಿನೆಟ್ ಕೆಳಗೆ ಅಂಟಿಸಿದ ಸ್ಟ್ರಿಪ್ ಪದೇ ಪದೇ ಕಳಚಿ ಬೀಳುತ್ತಿದೆ. ಮೂಲೆಯಲ್ಲಿ ಮಡಚಿದ ಕಡೆ ಮೂರು ಎಲ್‌ಇಡಿ ಉರಿಯುವುದೂ ಇಲ್ಲ.
— ಗೃಹಿಣಿ, ಹಾಸನ

ಉ: ಒಗ್ಗರಣೆಯ ಎಣ್ಣೆ ಜಿಡ್ಡಿನ ಮೇಲೆ ಅಂಟು ನಿಲ್ಲುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅಲ್ಯೂಮಿನಿಯಂ ಚಾನೆಲ್ ಅನ್ನು ಸ್ಕ್ರೂ ಹಾಕಿ ಕೂರಿಸಿ, ಸ್ಟ್ರಿಪ್ ಅದರೊಳಗೆ ಅಂಟಿಸಿ. ಚಾನೆಲ್ ಶಾಖವನ್ನೂ ಎಳೆದುಕೊಳ್ಳುತ್ತದೆ. ಒಲೆ, ಸಿಂಕ್ ಹತ್ತಿರವಾದರೆ ಧೂಳು, ನೀರು ಒಳಹೋಗದ ಐಪಿ65 ಸ್ಟ್ರಿಪ್ ತನ್ನಿ.

12 ವೋಲ್ಟ್ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿಗೊಂದು ಗುಂಪು. ಮಡಚಿದಾಗ ಒಳಗಿನ ತಾಮ್ರ ಸೀಳಿ ಆ ಗುಂಪು ಸತ್ತಿದೆ. ಅದರ ಎರಡೂ ಬದಿ ಕತ್ತರಿ ಗುರುತಿನ ಮೇಲೆಯೇ ಕತ್ತರಿಸಿ ತೆಗೆದು, ನಡುವೆ ಚಿಕ್ಕ ವೈರ್ ಬೆಸುಗೆ ಹಾಕಿಸಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಬೇಕು. ಕ್ಲಿಪ್ ಕನೆಕ್ಟರ್ ಈ ಜಾಗಕ್ಕೆ ಬೇಡ, ಹಬೆಗೆ ಬೇಗ ತುಕ್ಕು ಹಿಡಿಯುತ್ತದೆ.