ಭಾರತದಲ್ಲಿ 70 ತುಂಬುವ ಮೊದಲೇ ಜನ ಸಾಯುವುದು ಹೆಚ್ಚಾಗಿ ಯಾವುದರಿಂದ?

ಮೊದಲ ಸ್ಥಾನ ಹೃದಯಕ್ಕೇ. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಎರಡೂ ಸೇರಿದರೆ ದೇಶದ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ, ಅದೂ ಯುರೋಪಿನವರಿಗಿಂತ ಸುಮಾರು 10 ವರ್ಷ ಮೊದಲೇ ನಮಗೆ ಬರುತ್ತದೆ. ಬಿಪಿ, ಶುಗರ್ ಒಳಗೊಳಗೇ ಕೆಲಸ ಮಾಡುತ್ತಿರುತ್ತವೆ. ನಾನಿರುವುದು ಮುಂಬಯಿಯ ಮಾಟುಂಗದಲ್ಲಿ. ಇಲ್ಲಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ನಮ್ಮೂರಿನ ಅಣ್ಣ ಒಬ್ಬರು ಎರಡು ದಿನ "ಗ್ಯಾಸ್ ಮಾರಾಯ್ರೆ" ಅಂತ ಸುಮ್ನೆ ಸೋಡಾ ಕುಡಿದುಕೊಂಡಿದ್ದರು, ಮೂರನೇ ದಿನ ಇಸಿಜಿ ಮಾಡಿಸಿದಾಗಲೇ ಅದು ಗ್ಯಾಸ್ ಅಲ್ಲ ಅಂತ ಗೊತ್ತಾಗಿದ್ದು. ವಯಸ್ಸು 46. ಪುಣ್ಯಕ್ಕೆ ಉಳಿದರು.

ಆಮೇಲೆ ಕ್ಯಾನ್ಸರ್ (ಗುಟ್ಕಾ, ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್ ನಮ್ಮ ಗಂಡಸರಲ್ಲಿ ಬಹಳ) ಮತ್ತು ಶ್ವಾಸಕೋಶದ ಕಾಯಿಲೆ. ಹೊಗೆ ಅಂದರೆ ಬರೀ ಬೀಡಿಯದ್ದಲ್ಲ, ಸೌದೆ ಒಲೆಯದ್ದೂ ಸೇರಿತು. ಟಿಬಿ ಹೋಯಿತು ಅಂದುಕೊಳ್ಳಬೇಡಿ, ಪ್ರಪಂಚದ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಇಲ್ಲಿಯವರೇ.

ಹರೆಯದವರ ಪಟ್ಟಿಯೇ ಬೇರೆ: ಆತ್ಮಹತ್ಯೆ, ರಸ್ತೆ ಅಪಘಾತ. 2022ರಲ್ಲಿ ರಸ್ತೆಯಲ್ಲೇ 1.68 ಲಕ್ಷ ಜನ ಹೋದರು. ನಮ್ಮ ಮುಂಬಯಿಯಲ್ಲಿ ಇದರ ಜೊತೆಗೆ ಲೋಕಲ್ ಟ್ರೈನು, ವರ್ಷಕ್ಕೆ 2,000ದ ಮೇಲೆ. ಹಳಿ ದಾಟುವಾಗ ಹೋದವರೇ ಅದರಲ್ಲಿ ಬಹಳ ಜನ, ಮೇಲೆ ಸೇತುವೆ ಇದ್ದರೂ.